ಪಿಕಪ್ ವಾಹನಕ್ಕೆ ಸ್ವೇ ಬಾರ್ ಹಾಕಿಸುವ ಮುನ್ನ

ಕಳೆದ ಕೆಲವು ವರ್ಷಗಳಿಂದ ನಮ್ಮ ಭಾಗದ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಲೆಕ್ಕಪುಸ್ತಕಗಳಲ್ಲಿ ‘ವಾಹನ ದುರಸ್ತಿ’ ಖಾತೆಯಡಿ ಒಂದು ಖರ್ಚು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಬಿಲ್ಲಿನಲ್ಲಿ ಒಮ್ಮೆ ‘ಸ್ವೇ ಬಾರ್’, ಮತ್ತೊಮ್ಮೆ ‘ಸ್ಟೆಬಿಲೈಸರ್ ರಾಡ್’, ಇನ್ನೊಮ್ಮೆ ಬರೀ ‘ಹಿಂದಿನ ರಾಡ್ ಫಿಟಿಂಗ್’ ಎಂದು ಬರೆದಿರುತ್ತದೆ. ವಿಚಾರಿಸಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: “ಗಾಡಿ ಭಾಳ ವಾಲತಿತ್ರಿ. ಈಗ ಮಾಲು ಒಂದಿಷ್ಟು ಜಾಸ್ತಿ ಹಾಕಿದ್ರೂ ನೆಟ್ಟಗ ಹೋಗತೈತಿ.” ಈ ಉತ್ತರದ ಮೊದಲ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯ ಭಾಗವೇ ಈ ಲೇಖನಕ್ಕೆ ಕಾರಣ.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಸಣ್ಣ ಸರಕು ವಾಹನಗಳು ನಮ್ಮ ವ್ಯಾಪಾರದ ರೀತಿಯನ್ನೇ ಬದಲಿಸಿದವು ಎಂದರೆ ಅತಿಶಯೋಕ್ತಿಯಾಗದು. ಲಾರಿ ತುಂಬುವಷ್ಟು ಮಾಲು ಕೂಡುವವರೆಗೆ ಕಾಯುವ ಕಾಲ ಹೋಯಿತು. ಮಹಾಲಿಂಗಪುರದ ಪೇಟೆಯ ಬೆಲ್ಲದ ಪೆಂಟೆ, ರಬಕವಿ-ಬನಹಟ್ಟಿಯ ಮಗ್ಗಗಳಿಗೆ ಬರುವ ನೂಲು ಮತ್ತು ಅಲ್ಲಿಂದ ಹೊರಡುವ ಸೀರೆಯ ಗಂಟು, ಜಮಖಂಡಿ-ತೇರದಾಳ ಕಡೆಯ ಅರಿಷಿಣ, ಬೀಳಗಿ ಕಡೆಯ ಕಾಳುಕಡಿ ಎಲ್ಲವೂ ಇಂದು ಪಿಕಪ್‌ನಲ್ಲಿ ಸಾಗುತ್ತವೆ. ಇವುಗಳಲ್ಲಿ ಬೆಲ್ಲದಂತಹವು ಭಾರವಾದರೂ ತಗ್ಗಿನಲ್ಲಿ ಕೂಡುವ ಮಾಲು. ಅರಳೆ, ಖಾಲಿ ಪೀಪಾಯಿ, ಪ್ಲಾಸ್ಟಿಕ್ ಕುರ್ಚಿ, ಕಣಿಕೆ ಮೊದಲಾದವು ಹಗುರವಾದರೂ ಎತ್ತರಕ್ಕೆ ಏರುವ ಮಾಲು. ಒಂದೇ ವಾಹನ ಬೆಳಿಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಹೊರುತ್ತದೆ. ವಾಲುವ ಪ್ರಶ್ನೆ ಹುಟ್ಟುವುದೇ ಇಲ್ಲಿ.

ವಿಜಯಪುರ-ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸಾಗುವವರಿಗೆ ಅನಗವಾಡಿಯ ಘಟಪ್ರಭಾ ಸೇತುವೆ ಚಿರಪರಿಚಿತ. ಆಲಮಟ್ಟಿಯ ಹಿನ್ನೀರು ತುಂಬಿರುವ ದಿನಗಳಲ್ಲಿ ನೀರಿನ ಮೇಲಿಂದ ಅಡ್ಡಲಾಗಿ ಬೀಸುವ ಗಾಳಿ ಎತ್ತರಕ್ಕೆ ಮಾಲು ಹೇರಿ ತಾಡಪತ್ರಿ ಬಿಗಿದ ಪಿಕಪ್‌ಗೆ ಹಾಯಿಗೆ ಬಡಿದಂತೆ ಬಡಿಯುತ್ತದೆ. ಪಕ್ಕದಲ್ಲಿ ಬಸ್ಸೊಂದು ಹಾದುಹೋದರೆ ವಾಹನ ಅತ್ತಿತ್ತ ತೂಗುತ್ತದೆ. ಚಾಲಕನ ಕೈ ಸ್ಟೇರಿಂಗ್ ಮೇಲೆ ಬಿಗಿಯಾಗುತ್ತದೆ. ಆ ಭಯ ಸುಳ್ಳಲ್ಲ, ಅದಕ್ಕೆ ಪರಿಹಾರ ಹುಡುಕುವುದೂ ತಪ್ಪಲ್ಲ. ಆದರೆ ಕೊಳ್ಳುವ ವಸ್ತು ಯಾವ ರೋಗಕ್ಕೆ ಮದ್ದು ಎಂಬುದನ್ನು ತಿಳಿದು ಕೊಳ್ಳಬೇಕು. ನಾನು ಯಂತ್ರಶಾಸ್ತ್ರದವನಲ್ಲ, ವಾಣಿಜ್ಯ ಪದವೀಧರ. ಆದರೂ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲು ಅದರಿಂದ ಬಂದದ್ದೇನು ಎಂದು ಕೇಳುವುದು ನಮ್ಮ ವೃತ್ತಿಧರ್ಮವಾದ್ದರಿಂದ ಈ ವಿಷಯವನ್ನು ಸ್ವಲ್ಪ ಆಳವಾಗಿಯೇ ತಿಳಿದುಕೊಳ್ಳಬೇಕಾಯಿತು.

ಸ್ವೇ ಬಾರ್ ಎಂಬುದು ಸ್ಪ್ರಿಂಗ್ ಉಕ್ಕಿನಿಂದ ಮಾಡಿದ, ಆಂಗ್ಲ ‘ಯು’ ಅಕ್ಷರದ ಆಕಾರಕ್ಕೆ ಬಾಗಿಸಿದ ಸರಳು. ಸಾಮಾನ್ಯವಾಗಿ ಅದರ ನಡುಭಾಗವನ್ನು ರಬ್ಬರ್ ಬುಶ್‌ಗಳ ಮೂಲಕ ಹಿಂದಿನ ಆಕ್ಸಲ್‌ಗೂ ಎರಡು ತುದಿಗಳನ್ನು ಲಿಂಕ್ ರಾಡ್‌ಗಳ ಮೂಲಕ ಚಾಸಿಗೂ ಜೋಡಿಸುತ್ತಾರೆ. ಕೆಲವು ವಾಹನಗಳಲ್ಲಿ ಈ ಜೋಡಣೆ ತಿರುವುಮುರುವಾಗಿರುತ್ತದೆ. ಎರಡೂ ಚಕ್ರಗಳು ಒಂದೇ ಸಲ ಹಂಪ್ ಹತ್ತಿದರೆ ಸರಳು ಬುಶ್‌ಗಳೊಳಗೆ ಸುಮ್ಮನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ವಾಹನ ಒಂದು ಬದಿಗೆ ವಾಲಿದಾಗ ಮಾತ್ರ ಸರಳು ತಿರುಚಿಕೊಳ್ಳಬೇಕಾಗುತ್ತದೆ. ಆ ತಿರುಚುವಿಕೆಯನ್ನು ವಿರೋಧಿಸುವುದೇ ಅದರ ಕೆಲಸ. ಈ ವಿರೋಧ ಸರಳಿನ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಉಳಿದೆಲ್ಲ ಅಳತೆಗಳು ಒಂದೇ ಆಗಿದ್ದರೆ 22 ಮಿ.ಮೀ. ಬದಲು 25 ಮಿ.ಮೀ. ಸರಳು ಹಾಕಿದಾಗ ಬಿಗುಪು ಸುಮಾರು ಮೂರನೇ ಎರಡು ಪಾಲು ಹೆಚ್ಚಾಗುತ್ತದೆ. ಆದ್ದರಿಂದ “ಸ್ವಲ್ಪ ದಪ್ಪಂದ ಹಾಕ್ರಿ” ಎಂದು ಗ್ಯಾರೇಜಿನಲ್ಲಿ ಹೇಳುವ ಮಾತು ಅಷ್ಟು ಸಣ್ಣದಲ್ಲ.

ಮೇಲಿನ ವಿವರಣೆಯಲ್ಲಿಯೇ ಒಂದು ಸಂಗತಿ ಅಡಗಿದೆ. ಎರಡೂ ಚಕ್ರಗಳ ಮೇಲೆ ಸಮನಾಗಿ ಬೀಳುವ ಭಾರವನ್ನು ಈ ಸರಳು ಹೊರುವುದೇ ಇಲ್ಲ. ಭಾರ ಹೊರುವವು ಪಾಟಾಗಳು, ಆಕ್ಸಲ್, ಟೈರು ಮತ್ತು ಚಾಸಿ, ನಿಲ್ಲಿಸುವುದು ಬ್ರೇಕು. ಸ್ವೇ ಬಾರ್ ಹಾಕಿಸಿದ ಮರುದಿನವೂ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕ ಮೊದಲಿನಷ್ಟೇ. ಹೆಚ್ಚಿನ ಮಾಲು ಹಾಕಿದಾಗ ವಾಹನ ವಾಲುವುದು ಚಾಲಕನಿಗೆ ಸಿಗುವ ಮುನ್ಸೂಚನೆ. ಸರಳು ಆ ವಾಲಿಕೆಯನ್ನು ತಗ್ಗಿಸುತ್ತದೆ, ಭಾರವನ್ನು ತಗ್ಗಿಸುವುದಿಲ್ಲ. ಕಾಟಾ ಸರಿ ಇಲ್ಲವೆಂದು ಮುಳ್ಳನ್ನು ಕಟ್ಟಿಹಾಕಿದ ಹಾಗೆ.

ಪಲ್ಟಿಯಾಗುವ ಲೆಕ್ಕವೂ ಇದೇ ಬಗೆಯದು. ವಾಹನದ ಎಡ-ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದರ ಸ್ಥಿರತೆಯ ಸ್ಥೂಲ ಅಳತೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿ ವರ್ಷದಿಂದ ವಾಹನಗಳಿಗೆ ಪಲ್ಟಿಯ ಶ್ರೇಣಿ ಕೊಡಲು ಆರಂಭಿಸಿದ್ದು ಇದೇ ಸಂಖ್ಯೆಯ ಆಧಾರದ ಮೇಲೆ. ಉದಾಹರಣೆಗಾಗಿ ಚಕ್ರಗಳ ಅಂತರ 1.4 ಮೀಟರ್ ಎಂದು ಹಿಡಿಯೋಣ. ಮಾಲು ತಗ್ಗಿನಲ್ಲಿದ್ದು ಗುರುತ್ವ ಕೇಂದ್ರ 1 ಮೀಟರ್ ಎತ್ತರದಲ್ಲಿದ್ದರೆ ಸಂಖ್ಯೆ 0.70, ಮಾಲು ಮೇಲೇರಿ ಅದು 1.3 ಮೀಟರ್ ಆದರೆ 0.54. ಐವತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯದು ಕಾಗದದ ಮೇಲೆ ಗಂಟೆಗೆ ಸುಮಾರು 66 ಕಿ.ಮೀ. ವೇಗದವರೆಗೆ ತಡೆದುಕೊಂಡೀತು, ಎರಡನೆಯದು 58ಕ್ಕೇ ಕೈಚೆಲ್ಲೀತು. ಸ್ಪ್ರಿಂಗು, ಟೈರುಗಳು ಬಾಗುವುದರಿಂದ ನಿಜವಾದ ಮಿತಿ ಇದಕ್ಕಿಂತ ಕೆಳಗೇ ಇರುತ್ತದೆ. ಸ್ವೇ ಬಾರ್ ಮಾಡುವ ಉಪಕಾರವೆಂದರೆ ಈ ಕೊನೆಯ ಕಡಿತವನ್ನು ಕೊಂಚ ಕಿರಿದುಗೊಳಿಸುವುದು. ಮಾಲಿನ ಎತ್ತರವನ್ನಾಗಲಿ ಚಕ್ರಗಳ ಅಂತರವನ್ನಾಗಲಿ ಅದು ಬದಲಿಸಲಾರದು. ವೇಗವೋ, 40ರಿಂದ 60ಕ್ಕೆ ಏರಿದರೆ ಪಕ್ಕಕ್ಕೆ ತಳ್ಳುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಸರಳು ಹಾಕಿಸಿ ‘ಗಾಡಿ ಈಗ ನೆಟ್ಟಗೈತಿ’ ಎಂಬ ಧೈರ್ಯದಲ್ಲಿ ಹತ್ತು ಕಿ.ಮೀ. ವೇಗ ಹೆಚ್ಚಿಸಿದ ಚಾಲಕ, ಪಡೆದ ಉಪಕಾರವನ್ನು ಬಡ್ಡಿಸಮೇತ ಮರಳಿಸಿದಂತೆಯೇ ಸರಿ.

ಇನ್ನೊಂದು ಅಂಶವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಿಂಬದಿಯನ್ನು ಮಾತ್ರ ಬಿಗಿಗೊಳಿಸಿದಾಗ ತಿರುವಿನಲ್ಲಿ ಹಿಂದಿನ ಹೊರ ಚಕ್ರದ ಮೇಲೆ ಹೆಚ್ಚು ಭಾರ ಬಿದ್ದು, ಒಳ ಚಕ್ರ ಹಗುರವಾಗಿ, ಒಟ್ಟಾರೆ ಹಿಂಬದಿಯ ಹಿಡಿತ ತಗ್ಗುತ್ತದೆ. ಮಾಲು ತುಂಬಿದಾಗ ಇದು ಅಷ್ಟಾಗಿ ತಿಳಿಯದಿರಬಹುದು. ಆದರೆ ಪಿಕಪ್ ಹೋಗುವಾಗ ತುಂಬಿ, ಬರುವಾಗ ಬಹುಮಟ್ಟಿಗೆ ಖಾಲಿಯಾಗಿಯೇ ಬರುತ್ತದೆ. ಮಳೆಯಲ್ಲಿ ಖಾಲಿ ವಾಹನದ ಹಿಂಬದಿ ಜಾರುವ ಅಪಾಯ ಅತಿ ಬಿಗಿಯಾದ ಸರಳಿನಿಂದ ಹೆಚ್ಚುತ್ತದೆ. ಕಬ್ಬಿನ ಗದ್ದೆಯ ದಾರಿಯಲ್ಲಿ ಒಂದು ಚಕ್ರ ತಗ್ಗಿಗೆ ಇಳಿದಾಗ ಸರಳು ಇನ್ನೊಂದು ಚಕ್ರವನ್ನೂ ಜಗ್ಗುವುದರಿಂದ ಚಕ್ರ ನೆಲ ಬಿಟ್ಟು ವಾಹನ ಸಿಕ್ಕಿಕೊಳ್ಳುವುದೂ ಉಂಟು. ಹೊಲದಿಂದಲೇ ಮಾಲು ಎತ್ತುವವರು ಇದನ್ನು ಗಮನಿಸಬೇಕು. ಪೇಟೆಯಿಂದ ಪೇಟೆಗೆ ಡಾಂಬರು ರಸ್ತೆಯಲ್ಲಷ್ಟೇ ಓಡಿಸುವವರಿಗೆ ಈ ತೊಡಕು ಕಡಿಮೆ.

ಹಾಗಾದರೆ ಸ್ವೇ ಬಾರ್ ಬೇಡವೇ? ಬೇಡ ಎನ್ನಲಾರೆ. ಕಾಟಾದಲ್ಲಿ ತೂಗಿಸಿದಾಗ ತೂಕ ನೋಂದಣಿ ಪತ್ರದ ಮಿತಿಯೊಳಗಿದ್ದು, ಮಾಲಿನ ಸ್ವಭಾವದಿಂದಾಗಿ ಎತ್ತರ ಅನಿವಾರ್ಯವಾಗಿ, ವಾಹನ ತೂಗಾಡುತ್ತಿದ್ದರೆ, ಪಾಟಾ ಹಾಗೂ ಶಾಕ್ ಅಬ್ಸಾರ್ಬರ್‌ಗಳು ಸುಸ್ಥಿತಿಯಲ್ಲಿವೆಯೆಂದು ಖಚಿತವಾಗಿದ್ದರೆ, ಇದು ಸಾರ್ಥಕ ಖರ್ಚು. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ರೂಢಿಯಲ್ಲಿರುವ ‘ಒಂದು ಪಾಟಾ ಹೆಚ್ಚಿಗೆ ಹಾಕಿಸು’ ಎಂಬ ಉಪಾಯಕ್ಕಿಂತ ಇದು ಮೇಲು. ಹಿಂದಿನ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ಕವಾಟ ಕೆಲವು ಪಿಕಪ್‌ಗಳಲ್ಲಿರುತ್ತದೆ. ವಾಹನದ ಹಿಂಬದಿ ಎಷ್ಟು ತಗ್ಗಿದೆ ಎಂಬುದೇ ಅದಕ್ಕೆ ಭಾರದ ಸುಳಿವು. ಪಾಟಾ ಹೆಚ್ಚಿಸಿದರೆ ಹಿಂಬದಿ ತಗ್ಗುವುದಿಲ್ಲ, ವಾಹನ ಹಗುರವಾಗಿದೆ ಎಂದು ಕವಾಟ ಬಗೆಯುತ್ತದೆ, ಬ್ರೇಕು ಕಡಿಮೆ ಹಿಡಿಯುತ್ತದೆ. ಸ್ವೇ ಬಾರ್‌ನಿಂದ ಈ ಗೊಂದಲವಾಗದು. ಆದರೆ ಹಳೆಯ ಪಾಟಾ ಕಾಸಿ ಬಾಗಿಸಿ ಬೆಸುಗೆ ಹಚ್ಚಿ ಮಾಡಿಕೊಡುವ ಸರಳನ್ನು ಸರ್ವಥಾ ಒಪ್ಪಬಾರದು. ಬೆಸುಗೆಯ ಕಾವಿಗೆ ಸ್ಪ್ರಿಂಗ್ ಉಕ್ಕು ತನ್ನ ಹದ ಕಳೆದುಕೊಂಡು ಅದೇ ಜಾಗದಲ್ಲಿ ಸೀಳುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿ 9ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸುವುದನ್ನೂ ಸೇರಿಸಿ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. 52ನೇ ಕಲಮಿನ ವಿವರಣೆಯಲ್ಲಿ ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾ ಬದಲಾವಣೆ ಎಂದಿದೆ. ಬೋಲ್ಟಿನಿಂದ ಕೂಡಿಸಿ ಬೋಲ್ಟಿನಿಂದಲೇ ಬಿಚ್ಚಬಹುದಾದ ಸ್ವೇ ಬಾರ್ ಈ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಚಾಸಿಗೆ ರಂಧ್ರ ಕೊರೆದು ಬೆಸುಗೆ ಹಾಕಿದ್ದರೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ರಸ್ತೆಯಲ್ಲಿ ನಿಲ್ಲಿಸಿದ ಅಧಿಕಾರಿಗೂ ಅಪಘಾತದ ನಂತರ ಬರುವ ವಿಮಾ ಸರ್ವೇಯರ್‌ಗೂ ತೋರಿಸಲು, ಆ ಭಾಗ ಆ ಮಾದರಿಗೆ ಸೂಕ್ತವೆಂಬ ಒಂದು ಪತ್ರವನ್ನು ಅಧಿಕೃತ ಸರ್ವಿಸ್ ಕೇಂದ್ರದಿಂದ ಪಡೆದು ವಾಹನದ ಕಡತದಲ್ಲಿಡಬೇಕು. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಪತ್ರ ಕೊಡಲು ಸರ್ವಿಸ್ ಕೇಂದ್ರ ಹಿಂಜರಿದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಬೇಕು.

ಮಿತಿಮೀರಿದ ಭಾರದ ಬಾಬತ್ತು ಇದಕ್ಕಿಂತ ಗಂಭೀರ. 194ನೇ ಕಲಮಿನಡಿ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಜೊತೆಗೆ ಮಾಲು ಇಳಿಸುವ ಖರ್ಚು. ಅರ್ಧ ಟನ್ ಹೆಚ್ಚು ಹೇರಿ ಒಂದು ಖೇಪಿಗೆ 600 ರೂಪಾಯಿ ಉಳಿಸಿದೆವು ಎಂದಿಟ್ಟುಕೊಳ್ಳಿ. ಒಮ್ಮೆ ಸಿಕ್ಕಿಬಿದ್ದರೆ ಮೂವತ್ಮೂರು ಖೇಪುಗಳ ಉಳಿತಾಯ ಒಂದೇ ರಸೀದಿಯಲ್ಲಿ ಹೋಗುತ್ತದೆ. ಈ ದಂಡವನ್ನು ವ್ಯಾಪಾರದ ಖರ್ಚೆಂದು ತೋರಿಸಲೂ ಬರುವುದಿಲ್ಲ. ನಿಷೇಧವಿದ್ದರೂ ಸ್ಟೀಮರಿನಲ್ಲಿ ಖರ್ಜೂರ ತರಿಸಿ ದಂಡ ತೆತ್ತ ವರ್ತಕರು ಅದನ್ನು ಖರ್ಚೆಂದು ಕೇಳಿದಾಗ, ಕಾನೂನು ಮುರಿದದ್ದಕ್ಕೆ ತೆತ್ತ ದಂಡ ವ್ಯಾಪಾರದ ನಷ್ಟವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಹಾಜಿ ಅಜೀಜ್ ಪ್ರಕರಣ 1961ರಷ್ಟು ಹಳೆಯದು. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ವಿವರಣೆಯಲ್ಲಿದ್ದ ಈ ತತ್ವ 2025ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ.

ವಿಮೆಯ ವಿಷಯದಲ್ಲಿ ಸದಸ್ಯರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಭಾರ ಮಿತಿಮೀರಿದ್ದರೆ ಒಂದು ಪೈಸೆಯೂ ಬರದು ಎಂಬುದು ಒಂದು, ಪ್ರೀಮಿಯಂ ಕಟ್ಟಿದ ಮೇಲೆ ಪೂರ್ತಿ ಬಂದೇ ಬರುತ್ತದೆ ಎಂಬುದು ಇನ್ನೊಂದು. ಅಮಲೇಂದು ಸಾಹೂ ಪ್ರಕರಣದ 2010ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಉಲ್ಲೇಖಿಸಿದ ಮಾರ್ಗಸೂಚಿಯಂತೆ, ಪರವಾನಗಿಗಿಂತ ಹೆಚ್ಚು ಭಾರ ಹೇರಿದ ವಾಹನದ ಕ್ಲೇಮನ್ನು ಅರ್ಹ ಮೊತ್ತದ ಶೇ. 75ನ್ನು ಮೀರದಂತೆ ಇತ್ಯರ್ಥಪಡಿಸಬಹುದು. ಅರ್ಹ ಮೊತ್ತ 3 ಲಕ್ಷವಿದ್ದರೆ ಕನಿಷ್ಠ 75,000 ರೂಪಾಯಿ ಮಾಲೀಕನ ಕೈಯಿಂದಲೇ ಹೋಯಿತು. ಕಂಪನಿ ಪೂರ್ತಿ ನಿರಾಕರಿಸಿದರೆ ಗ್ರಾಹಕರ ಆಯೋಗಕ್ಕೆ ಅಲೆದಾಟ ಬೇರೆ. ಚಾಲನಾ ಪರವಾನಗಿಯ ಕುರಿತಾದ ಒಂದು ಹಳೆಯ ತಕರಾರು ಮಾತ್ರ ಈಗ ತೀರಿದೆ: 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಪರವಾನಗಿ ಉಳ್ಳವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸರಕು ವಾಹನವನ್ನೂ ಓಡಿಸಬಹುದೆಂದು ತೀರ್ಮಾನಿಸಿತು. ಪಿಕಪ್ ಮಾಲೀಕರಿಗೆ ಇದು ದೊಡ್ಡ ಸಮಾಧಾನ. ಭಾರದ ತಕರಾರಿಗೆ ಇಂಥ ಸಮಾಧಾನ ಯಾವ ಪೀಠದಿಂದಲೂ ಬರುವಂತಿಲ್ಲ.

ಮೇಲಿನದೆಲ್ಲ ಹಣದ ಮಾತಾಯಿತು. ಚಾಲಕ ಮತ್ತು ಹಮಾಲರ ಮಾತು ಅದಕ್ಕೂ ಮುಂಚೆ ಬರಬೇಕಾಗಿತ್ತು. ಹೇರಿದ ಮಾಲಿನ ಮೇಲೆ ಇಬ್ಬರು ಮೂವರು ಹಮಾಲರನ್ನು ಕೂರಿಸಿ ಕಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಿಟ್ಟುಹೋಗಿಲ್ಲ. ವಾಹನ ವಾಲಿದಾಗ ಮೊದಲು ಬೀಳುವವರು ಅವರು. ಸ್ವೇ ಬಾರ್‌ಗೆ ಹಣ ಬಿಚ್ಚುವ ಮಾಲೀಕರು ಹಮಾಲರನ್ನು ಬಸ್ಸಿನಲ್ಲಿ ಕಳಿಸಲು ಟಿಕೆಟ್ ಹಣ ಕೊಡಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗದ ಸಂಗತಿ. ಹಾಗೆಯೇ ಚಾಲಕನಿಗೆ ಖೇಪಿನ ಲೆಕ್ಕದಲ್ಲಿ ಕೂಲಿ ಕೊಟ್ಟು ‘ಸಾವಕಾಶ ಹೋಗಪ್ಪ’ ಎಂದು ಬುದ್ಧಿ ಹೇಳಿದರೆ, ಆತ ಕೇಳುವುದು ಬುದ್ಧಿಮಾತನ್ನಲ್ಲ, ಕೂಲಿಯ ಲೆಕ್ಕವನ್ನು.

ಕೊನೆಯದಾಗಿ ಜಮಾಖರ್ಚಿನ ವಿಚಾರ. ಮೊದಲಿಲ್ಲದ ಭಾಗವನ್ನು ಹೊಸದಾಗಿ ಸೇರಿಸುವುದು ದುರಸ್ತಿಯಲ್ಲ. ಚಾಲ್ತಿ ದುರಸ್ತಿ ಎಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದೇ ಹೊರತು ಹೊಸ ಅನುಕೂಲ ತರುವುದಲ್ಲ ಎಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿವರಿಸಿದೆ. ಆದ್ದರಿಂದ ಸರಳಿನ ಬೆಲೆಯನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ತೆಗೆಯುವುದು ಕ್ಷೇಮ: ಸ್ವಂತ ಮಾಲು ಸಾಗಿಸುವ ವಾಹನಕ್ಕೆ ಶೇ. 15, ಬಾಡಿಗೆಗೆ ಓಡಿಸುವ ವ್ಯವಹಾರದ ವಾಹನಕ್ಕೆ ಶೇ. 30. ಬೆಲೆ 9,000 ರೂಪಾಯಿ ಎಂದು ಹಿಡಿದರೆ ಮೊದಲ ವರ್ಷ ಸಿಗುವುದು 1,350 ರೂಪಾಯಿ ಸವಕಳಿ. ಉಳಿದದ್ದು ಮುಂದಿನ ವರ್ಷಗಳಲ್ಲಿ ಸಿಗುತ್ತದೆ. ಇಷ್ಟಕ್ಕಾಗಿ ಬಿಲ್ಲಿನಲ್ಲಿ ಹೆಸರು ಬದಲಿಸಿ ಬರೆಸುವುದರಲ್ಲಿ ಅರ್ಥವಿಲ್ಲ. ಹತ್ತು ವಾಹನಗಳೊಳಗಿದ್ದು ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಬಾಡಿಗೆ ವಾಹನದವರಿಗೆ ಈ ಖರ್ಚು ಪ್ರತ್ಯೇಕವಾಗಿ ಸಿಗುವುದೇ ಇಲ್ಲ. ಜಿಎಸ್‌ಟಿಯಲ್ಲಿ ಸರಕು ಸಾಗಣೆಯ ವಾಹನಕ್ಕೆ ಹೂಡುವಳಿ ತೆರಿಗೆ ಜಮೆಗೆ ಅಡ್ಡಿಯಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದು ದೊರೆಯದು. 2025ರ ಸೆಪ್ಟೆಂಬರ್ 22ರಿಂದ ಇಂಥ ಬಿಡಿಭಾಗಗಳ ಮೇಲಿನ ದರ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ, ಬಿಲ್ಲಿಲ್ಲದೆ ಅಗ್ಗಕ್ಕೆ ಹಾಕಿಸಿಕೊಳ್ಳುವ ಆಮಿಷಕ್ಕೂ ಮೊದಲಿನ ಬಲವಿಲ್ಲ. ಬಿಲ್ಲಿಲ್ಲದ ಸರಳಿಗೆ ಸರ್ವೇಯರ್ ಮುಂದೆ ಮಾತನಾಡಲು ಬಾಯಿಯಿಲ್ಲ.

ನಮ್ಮ ವಾಣಿಜ್ಯ ಸಂಸ್ಥೆ ಈ ವಿಷಯದಲ್ಲಿ ಸುಮ್ಮನಿರಬಾರದೆಂದು ನನ್ನ ಸೂಚನೆ. ಎತ್ತರದ ಮಾಲು ಸಾಗಿಸುವವರಿಗೆ ಹಿಂಬದಿಯ ಸ್ವೇ ಬಾರ್ ಅನ್ನು ಕಾರ್ಖಾನೆಯ ಐಚ್ಛಿಕ ಭಾಗವಾಗಿ, ಖಾತರಿಸಮೇತ ಒದಗಿಸುವಂತೆ ವಾಹನ ಮಾರಾಟಗಾರರಿಗೆ ಸಂಸ್ಥೆಯ ಪರವಾಗಿ ಪತ್ರ ಬರೆಯಬೇಕು. ಒಬ್ಬ ಗಿರಾಕಿ ಕೇಳಿದರೆ ನಗುವವರು ನಾಲ್ಕು ತಾಲೂಕುಗಳ ವರ್ತಕರು ಕೂಡಿ ಕೇಳಿದರೆ ಕಿವಿಗೊಡುತ್ತಾರೆ.

ಈಗಾಗಲೇ ಹಾಕಿಸಿರುವವರು ವಾಹನವನ್ನು ಒಮ್ಮೆ ರ‍್ಯಾಂಪಿನ ಮೇಲೆ ನಿಲ್ಲಿಸಿ, ಸರಳು ಬ್ರೇಕ್ ಪೈಪಿಗೆ, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ, ಕೆಳಗೆ ತೂಗುಹಾಕಿದ ಸ್ಟೆಪ್ನಿಗೆ ತಗಲುತ್ತಿದೆಯೇ ಎಂದು ಮಾಲು ತುಂಬಿದ ಸ್ಥಿತಿಯಲ್ಲಿ ನೋಡಿಸಿಕೊಳ್ಳಲಿ. ಬುಶ್‌ಗಳು ಕೂತುಕೊಂಡ ಮೇಲೆ ಬೋಲ್ಟುಗಳು ಸಡಿಲವಾಗುವುದರಿಂದ ಮೊದಲ ಕೆಲವು ನೂರು ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಬಿಗಿ ಮಾಡಿಸಬೇಕು. ಆ ಖರ್ಚು ಮಾತ್ರ ನಿಸ್ಸಂದೇಹವಾಗಿ ದುರಸ್ತಿ ಖಾತೆಗೇ ಸೇರುತ್ತದೆ.